ತೀರ್ಪಿನ ದಿನ ಬಾರದವನು

ನಮ್ಮ ಮೊಮ್ಮಗಳು ಇಲ್ಮಾ ಬೆಳೆದದ್ದು ಎರಡು ಮನೆಗಳಲ್ಲಿ. ಒಂದು ನಮ್ಮದು, ಇನ್ನೊಂದು ಅದೇ ಬೀದಿಯ ಕೊನೆಯಲ್ಲಿರುವ ರೇಣುಕಾದೇವಿಯದು. ಇಲ್ಮಾಳ ಅಮ್ಮ, ಅಂದರೆ ನನ್ನ ಸೊಸೆ ನಾಯಿಲಾ, ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಶಿಫ್ಟಿಗೆ ಹೊತ್ತುಗೊತ್ತಿಲ್ಲ. ಸ್ಕೂಲ್ ಬಸ್ಸಿನಿಂದ ಇಳಿದ ಇಲ್ಮಾ ನೇರ ಆ ಮನೆಗೆ ಹೋಗಿ, ಅವರ ಮಗ ಸಿದ್ಧಲಿಂಗೇಶನ ಜೊತೆ ಕೂತು ರೊಟ್ಟಿ ತಿಂದು, ಜಗಳವಾಡಿ, ಹೋಮ್‌ವರ್ಕ್ ಮುಗಿಸಿಕೊಂಡು ಬರುತ್ತಿದ್ದಳಂತೆ. ನಾವು ಗಂಡಹೆಂಡತಿ ಮೈಸೂರು ಬಿಟ್ಟು ಸೌತ್ ಕ್ಯಾರೊಲಿನಾದ ಈ ಫೋರ್ಟ್ ಮಿಲ್‌ಗೆ ಬಂದಾಗ ಅವಳಿಗೆ ಹನ್ನೆರಡು ವರ್ಷ. ಅವಳ ಬಾಯಲ್ಲಿದ್ದದ್ದು ಮೈಸೂರಿನ ಕನ್ನಡವಲ್ಲ, ಕಲಬುರಗಿಯದು. “ದಾದಿ, ಏನ್ ಮಾಡ್ಲಾಕತ್ತಿ?” ಎಂದು ಅವಳು ಮೊದಲ ದಿನ ಕೇಳಿದಾಗ, ಸರ್ಕಾರಿ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಕನ್ನಡ ಕಲಿಸಿದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆಮೇಲೆ ರೇಣುಕಾದೇವಿ ನನಗೂ ಗೆಳತಿಯಾದಳು. ಈ ಊರಿನಲ್ಲಿ ನನಗಿರುವ ಗೆಳತಿ ಅವಳೊಬ್ಬಳೇ.

ಆ ಮನೆಯ ಬಾಗಿಲು ಇಲ್ಮಾಳ ಪಾಲಿಗೆ ಮುಚ್ಚುವ ಪ್ರಸಂಗ ಬಂದದ್ದು 2023ರಲ್ಲಿ. ತಂದುಕೊಂಡವಳೂ ಅವಳೇ.

ಇಲ್ಮಾ ನಾರ್ತ್ ಕ್ಯಾರೊಲಿನಾದ ಒಂದು ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಅವಳಿಗಿಂತ ಒಂದು ವರ್ಷ ಚಿಕ್ಕವನಾದ ಸಿದ್ಧುವೂ ಅಲ್ಲೇ. ಆ ವರ್ಷ ಇಲ್ಮಾಗೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಳಗಿನ ತರಗತಿಯವರ ರಿಪೋರ್ಟುಗಳನ್ನು ತಿದ್ದುವ ಕೆಲಸ ಸಿಕ್ಕಿತ್ತು. ಸಿದ್ಧು “ಫಾರ್ಮ್ಯಾಟ್ ನೋಡ್ಕೋತೀನಿ” ಎಂದು ಕೇಳಿದ್ದಕ್ಕೆ ತನ್ನ ಹಿಂದಿನ ವರ್ಷದ ರಿಪೋರ್ಟ್ ಕೊಟ್ಟಿದ್ದಳು. ಅವನು ಇಡೀ ರಿಪೋರ್ಟನ್ನೇ ನಕಲಿಳಿಸಿದ. ಅದರಲ್ಲಿ ಇಲ್ಮಾ ‘ಕೈತಪ್ಪಿ ಸ್ವಲ್ಪ ದ್ರಾವಣ ಚೆಲ್ಲಿದ್ದರಿಂದ ತೂಕ ಕಡಿಮೆ ಬಂದಿದೆ’ ಎಂದು ಬರೆದುಕೊಂಡಿದ್ದಳು. ಆ ಮಹಾರಾಯ ಅದನ್ನೂ ಬಿಡಲಿಲ್ಲ. ಅವನ ಕೈಯಿಂದಲೂ ಅಷ್ಟೇ ಚೆಲ್ಲಿತ್ತು, ತೂಕವೂ ಅಷ್ಟೇ ಕಡಿಮೆ ಬಂದಿತ್ತು. ಕದಿಯುವುದಕ್ಕೂ ಸ್ವಲ್ಪ ಮೈಬಗ್ಗಿಸಿ ಕೆಲಸ ಮಾಡಬೇಕು ಎಂದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ರಿಪೋರ್ಟ್ ತಿದ್ದುವುದಕ್ಕೆ ಬಂದದ್ದು ಇಲ್ಮಾಳ ಪಾಲಿಗೇ. ಇಂಥದ್ದು ಕಂಡರೆ ತಿಳಿಸುತ್ತೇನೆ ಎಂದು ಕೆಲಸಕ್ಕೆ ಸೇರುವಾಗ ಮಾತು ಕೊಟ್ಟಿದ್ದಳು. ಎರಡು ದಿನ ಊಟ ಬಿಟ್ಟಳಂತೆ. ಆಮೇಲೆ ತಿಳಿಸಿದಳು, ರಿಪೋರ್ಟ್ ಕೊಟ್ಟವಳು ತಾನೇ ಎಂಬುದನ್ನೂ ಸೇರಿಸಿಯೇ ತಿಳಿಸಿದಳು. ಇಂಥ ದೂರುಗಳನ್ನು ವಿಚಾರಣೆ ಮಾಡಲು ಅಲ್ಲಿ ವಿದ್ಯಾರ್ಥಿಗಳದ್ದೇ ಒಂದು ಕೋರ್ಟು ಇದೆ. ಡಿಸೆಂಬರಿಗೆ ಹಿಯರಿಂಗ್ ಗೊತ್ತಾಯಿತು. ತಪ್ಪು ಸಾಬೀತಾದರೆ ಸಿದ್ಧುವನ್ನು ಒಂದು ಸೆಮಿಸ್ಟರ್ ಹೊರಗಿಡುತ್ತಾರೆ. ಅವನಿಗೆ ಡಾಕ್ಟರ್ ಆಗುವ ಆಸೆ, ಆ ಕಪ್ಪುಚುಕ್ಕೆ ಅಲ್ಲಿಯವರೆಗೂ ಬೆನ್ನು ಹತ್ತುತ್ತದೆ.

ಸುದ್ದಿ ಗೊತ್ತಾದ ದಿನ ರೇಣುಕಾದೇವಿ ನನಗೆ ಫೋನ್ ಮಾಡಿದಳು. “ನಿಮ್ ಮೊಮ್ಮಗಳು ದೆವ್ವ ಅದಾಳ್ರಿ. ನನ್ ಮನ್ಯಾಗ ಉಂಡು ಬೆಳೆದ ದೆವ್ವ,” ಎಂದವಳೇ ಕಟ್ ಮಾಡಿದಳು. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಇನ್ನು ನಮ್ಮ ಮನೆಯವರ ವಿಷಯ. ಹೆಸರು ನವಾಬ್. ಹೆಸರಿಗೆ ತಕ್ಕಂತೆ ಕೂತಲ್ಲಿಗೇ ಚಹಾ ಬರಬೇಕು, ಚಹಾದ ಜೊತೆ ವಾದಕ್ಕೊಬ್ಬರು ಸಿಗಬೇಕು. ಮೈಸೂರಿನ ಕೋರ್ಟಿನಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದವರು. ಸರ್ಕಾರದ ಪರವಾಗಿ ಎದ್ದು ನಿಂತು, ಇವನೇ ತಪ್ಪು ಮಾಡಿದವನು ಎಂದು ಬೆರಳು ತೋರಿಸುವುದೇ ಕಸುಬು. ಉದಯಗಿರಿಯ ನಮ್ಮ ಬೀದಿಯಲ್ಲಿ ಎದುರಿಗೆ ಬಂದವರೆಲ್ಲ “ಪಿ.ಪಿ. ಸಾಹೇಬ್ರೇ, ಸಲಾಂ” ಎನ್ನುತ್ತಿದ್ದರು. ದಾಟಿ ಹೋದ ಮೇಲೆ “ಶೈತಾನ್ ವಕೀಲ್” ಎನ್ನುತ್ತಿದ್ದರು. ಬೀದಿಯ ಎಷ್ಟೋ ಹುಡುಗರು ಇವರ ಕೈಯಲ್ಲಿ ಜೈಲು ಕಂಡಿದ್ದರು. ನನ್ನ ಕಿವಿಗೆ ಎರಡು ಹೆಸರೂ ಬೀಳುತ್ತಿದ್ದವು. ಇವರ ಕಿವಿಗೆ ಮೊದಲನೆಯದು ಮಾತ್ರ ಬೀಳುತ್ತದೆ ಎಂದು ನಾನು ತಿಳಿದಿದ್ದೆ.

ಫೋರ್ಟ್ ಮಿಲ್‌ನಲ್ಲಿ ಮಗ ಅರ್ಸಲಾನ್, ಸೊಸೆ ಇಬ್ಬರೂ ಕೆಲಸಕ್ಕೆ ಹೋದರೆ ವಾದಕ್ಕೆ ಸಿಗುವವಳು ನಾನೊಬ್ಬಳೇ. ನಾನು ಸೋಲುವವಳಲ್ಲ, ಹೀಗಾಗಿ ಇವರಿಗೆ ಹೊತ್ತು ಹೋಗುತ್ತಿರಲಿಲ್ಲ. ಅರ್ಸಲಾನ್‌ನ ಆಫೀಸಿನ ಯಶವಂತ್, ಮೈಸೂರಿನ ಕ್ರಿಶ್ಚಿಯನ್ ಹುಡುಗ, ಆ ಬೇಸಿಗೆಯಲ್ಲಿ ಒಂದು ಕೆಲಸ ಹುಡುಕಿ ತಂದ. ವರ್ಜೀನಿಯಾದ ರೆಸ್ಟನ್‌ನಲ್ಲಿ ಒಂದು ಸಣ್ಣ ಸಂಸ್ಥೆ. ಬೈಬಲನ್ನು ಕೇಳಿದರೆ ತಿಳಿಯುವಂಥ ಸುಲಭ ಕನ್ನಡಕ್ಕೆ ತರಿಸುತ್ತಿದೆ. ಬರೆಯುವವರು ಬೆಂಗಳೂರಿನಲ್ಲಿದ್ದಾರೆ. ಸರಿಯಿದೆಯೇ ಎಂದು ನೋಡುವ ಮೇಡಂಗೆ ಹೀಬ್ರೂ ಗೊತ್ತು, ಗ್ರೀಕ್ ಗೊತ್ತು, ಕನ್ನಡ ಮಾತ್ರ ಬರುವುದಿಲ್ಲ. ಅದಕ್ಕೇ ಆ ಕನ್ನಡವನ್ನು ಇದ್ದದ್ದು ಇದ್ದ ಹಾಗೆ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಕೊಡುವವರು ಬೇಕು. ಅವರು ಕ್ರಿಶ್ಚಿಯನ್ ಆಗಿರಬಾರದು, ಆ ಪುಸ್ತಕ ಓದಿರಲೂಬಾರದು. ಕಥೆ ಗೊತ್ತಿದ್ದವರು ಕಾಗದದ ಮೇಲಿರುವುದನ್ನು ಬಿಟ್ಟು ತಮ್ಮ ತಲೆಯಲ್ಲಿರುವುದನ್ನು ಓದುತ್ತಾರಂತೆ.

“ಇದು ನನ್ನ ಕೆಲಸವೇ,” ಎಂದರು ಇವರು. “ಸಾಕ್ಷಿ ಕನ್ನಡದಲ್ಲಿ ಹೇಳ್ತಾನೆ, ಜಡ್ಜ್ ಇಂಗ್ಲಿಷಲ್ಲಿ ಬರೆಸ್ತಾರೆ. ‘ತಳ್ಳಿದ’ ಅಂದಿದ್ದು ‘ಅಸಾಲ್ಟ್ ಮಾಡಿದ’ ಅಂತ ಆಗೋದನ್ನ ಎಷ್ಟು ನೋಡಿಲ್ಲ ನಾನು!”

ಮೊದಲು ಕೊಟ್ಟದ್ದು ಯೋಬನ ಕಥೆ. ನಾವು ಹಜರತ್ ಅಯ್ಯೂಬ್ ಎನ್ನುವವರೇ ಅವರು. ಅವರ ತಾಳ್ಮೆಯ ಮಾತು ಮಾತ್ರ ನಮ್ಮ ಮನೆಗಳಲ್ಲಿ ಬರುತ್ತದೆ. ಈ ಪುಸ್ತಕದ ಪ್ರಕಾರ ಅವರ ಕಷ್ಟ ಹೇಗೆ ಶುರುವಾಯಿತು ಎಂಬುದು ಇವರಿಗೆ ಗೊತ್ತಿರಲಿಲ್ಲ. ಹಾಗೆಂದು ಇವರು ಹೇಳಿಕೊಂಡ ಮೇಲೆ ಮೇಡಂ ಒಪ್ಪಿದರು. ವಾರಕ್ಕೊಂದು ಸಲ ಜೂಮ್‌ನಲ್ಲಿ ಮಾತು. ಇವರಿಗೆ ಕಿವಿ ಮಂದ, ಲ್ಯಾಪ್‌ಟಾಪಿನ ಸದ್ದು ಜೋರು. ಅಡುಗೆಮನೆಯಲ್ಲಿದ್ದ ನನಗೂ ಪಾಠವಾಯಿತು.

ಒಂದು ದಿನ ದೇವರ ಮುಂದೆ ಹಾಜರಾಗಲು ಅವನ ಕಡೆಯವರೆಲ್ಲ ಬರುತ್ತಾರೆ. ಅವರ ಜೊತೆ ‘ದೂರು ಹೇಳುವವನು’ ಎಂದು ಒಬ್ಬ ಬರುತ್ತಾನೆ. ಎಲ್ಲಿಂದ ಬಂದೆ ಎಂದರೆ, ಭೂಮಿಯ ಮೇಲೆಲ್ಲ ತಿರುಗಾಡಿ ಬಂದೆ ಎನ್ನುತ್ತಾನೆ. ನನ್ನ ಯೋಬನನ್ನು ನೋಡಿದೆಯಾ, ಎಂಥ ಸಜ್ಜನ ಎಂದು ದೇವರು ಹೊಗಳುತ್ತಾನೆ. ನೀನು ಎಲ್ಲವನ್ನೂ ಕೊಟ್ಟು ಬೇಲಿ ಹಾಕಿ ಕಾಯುತ್ತಿದ್ದೀಯ, ಸಜ್ಜನನಾಗಿರದೆ ಏನು ಮಾಡುತ್ತಾನೆ, ಕಿತ್ತುಕೊಂಡು ನೋಡು ಎನ್ನುತ್ತಾನೆ ದೂರು ಹೇಳುವವನು. ಆಸ್ತಿ ಮುಟ್ಟು, ಮೈ ಮುಟ್ಟಬೇಡ ಎಂದು ದೇವರ ಅಪ್ಪಣೆಯಾಗುತ್ತದೆ. ಅವನು ಅಷ್ಟನ್ನೇ ಮಾಡುತ್ತಾನೆ. ದನಕರು ಹೋಗುತ್ತವೆ, ಮಕ್ಕಳು ಸಾಯುತ್ತಾರೆ. ಎರಡನೆಯ ಸಲ ಮೈಯನ್ನೂ ಮುಟ್ಟಲು ಅಪ್ಪಣೆ ಕೇಳಿ ಪಡೆಯುತ್ತಾನೆ, ಯೋಬನ ಮೈತುಂಬ ಹುಣ್ಣು.

ನಮ್ಮ ನವಾಬ್ ಸಾಹೇಬರು ‘ದೂರು ಹೇಳುವವನು’ ಎಂದಿದ್ದ ಕಡೆಯಲ್ಲೆಲ್ಲ ಇಂಗ್ಲಿಷಿನಲ್ಲಿ ‘ಪಬ್ಲಿಕ್ ಪ್ರಾಸಿಕ್ಯೂಟರ್’ ಎಂದು ಬರೆದು ಕಳಿಸಿದರು.

ಆ ಕಡೆ ಮೇಡಂ ನಕ್ಕದ್ದು ಅಡುಗೆಮನೆಗೆ ಕೇಳಿಸಿತು. ಇವರಿಗೆ ಸಿಟ್ಟು. ಕಾಲ್ ಮುಗಿದ ಮೇಲೆ ನನ್ನ ಮುಂದೆ ವಾದಕ್ಕೆ ನಿಂತರು. “ನೋಡು ಶಮ್ಸು, ದೂರುದಾರ ಅಂದ್ರೆ ಅವನಿಗೆ ಏನಾದ್ರೂ ಅನ್ಯಾಯ ಆಗಿರ್ಬೇಕು. ಇವನಿಗೆ ಏನೂ ಆಗಿಲ್ಲ. ಕರೆದ ದಿನ ಬರ್ತಾನೆ, ರಿಪೋರ್ಟ್ ಕೊಡ್ತಾನೆ, ಪರ್ಮಿಷನ್ ಕೇಳ್ತಾನೆ, ಕೊಟ್ಟಷ್ಟೇ ಮಾಡ್ತಾನೆ. ಇವನು ಸರ್ಕಾರಿ ಮನುಷ್ಯ ಅಲ್ದೆ ಇನ್ನೇನು?”

“ಇದ್ದದ್ದು ಇದ್ದ ಹಾಗೆ ಬರೀರಿ ಅಂದ್ರೆ, ನಿಮ್ಮ ನೇಮ್‌ಪ್ಲೇಟ್ ಬರೆದು ಕಳಿಸಿದ್ದೀರಲ್ಲ,” ಎಂದೆ.

ಮುಂದಿನ ವಾರ ಮೇಡಂ ಬೇರೆಯೇ ಮಾತು ಹೇಳಿದರು. ಇವರು ಮಾಡಿದ ತಪ್ಪು ಹೊಸದಲ್ಲವಂತೆ, ಅದರಲ್ಲಿ ಅರ್ಧ ತಪ್ಪೂ ಅಲ್ಲವಂತೆ. ಹೀಬ್ರೂವಿನ ಯೋಬನ ಕಥೆಯಲ್ಲಿ ‘ಸಾತಾನ್’ ಎಂಬುದು ಹೆಸರಲ್ಲ, ಎದುರಾಳಿಯಾಗಿ ನಿಂತು ಆಪಾದನೆ ಮಾಡುವವನ ಹುದ್ದೆ. ಗ್ರೀಕಿಗೆ ತಂದವರು ಅದಕ್ಕೆ ಚಾಡಿ ಹೇಳುವವನು ಎಂಬ ಅರ್ಥದ ಮಾತು ಹಾಕಿದರು. ಆ ಮಾತೇ ಲ್ಯಾಟಿನ್ನಿನ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿನ ‘ಡೆವಿಲ್’ ಆಯಿತು. ಲ್ಯಾಟಿನ್ನಿನವರು ಯೋಬನ ಕಥೆಯಲ್ಲಿ ಹೀಬ್ರೂ ಪದವನ್ನೇ ಹೆಸರೆಂಬಂತೆ ಉಳಿಸಿಕೊಂಡರು, ಇಂಗ್ಲಿಷಿನವರು ಅದನ್ನು ‘ಸೇಟನ್’ ಮಾಡಿದರು. ಮೈಗೆ ಅಂಟಿಕೊಳ್ಳುವ ಸಣ್ಣಪುಟ್ಟ ದೆವ್ವಗಳಿಗೆ ಗ್ರೀಕಿನಲ್ಲಿ ಬೇರೆಯದೇ ಪದವಿತ್ತು. ಹಳೆಯ ಇಂಗ್ಲಿಷ್ ಬೈಬಲ್ ಅವುಗಳನ್ನೂ ‘ಡೆವಿಲ್’ ಎಂದೇ ಕರೆಯಿತು. ಹೀಗೆ ಬೇರೆ ಬೇರೆ ಊರಿನವರೆಲ್ಲ ಒಂದೇ ರೇಷನ್ ಕಾರ್ಡಿನಲ್ಲಿ ಸೇರಿಕೊಂಡರು.

ಇನ್ನೊಂದು ಹೆಸರಿನ ಕಥೆ ಇದಕ್ಕಿಂತ ಚೆನ್ನಾಗಿತ್ತು. ಬಾಬಿಲೋನಿನ ರಾಜನೊಬ್ಬನನ್ನು ಹಂಗಿಸುವ ಹಾಡಿನಲ್ಲಿ, ಬೆಳಗಿನ ನಕ್ಷತ್ರವೇ, ಎಂಥ ಎತ್ತರದಿಂದ ಬಿದ್ದೆ ಎಂದು ಬರುತ್ತದೆ. ಆ ನಕ್ಷತ್ರಕ್ಕೆ ಲ್ಯಾಟಿನ್ನಿನಲ್ಲಿ ‘ಲೂಸಿಫರ್’ ಎನ್ನುತ್ತಾರೆ. ಬಿದ್ದವನು ಸೈತಾನನೇ ಎಂದು ಓದುವವರು ಅಷ್ಟರಲ್ಲಿ ತೀರ್ಮಾನಿಸಿಬಿಟ್ಟಿದ್ದರು. ಇಂಗ್ಲಿಷಿನವರು ಆ ಪದವನ್ನು ಬದಲಿಸದೆ ಬಿಟ್ಟದ್ದರಿಂದ ಅದು ಅವನ ಹೆಸರಾಗಿ ಅಂಟಿತು. ಈಚಿನವರು ಮತ್ತೆ ಬೆಳಗಿನ ನಕ್ಷತ್ರ ಎಂದು ತಿದ್ದಿದರೆ, ಸೈತಾನನ ಹೆಸರನ್ನೇ ಅಳಿಸಿದ್ದೀರಿ ಎಂದು ಕೆಲವು ಚರ್ಚುಗಳಲ್ಲಿ ಜಗಳವಾಯಿತಂತೆ. ನಾವು ಬೆಳ್ಳಿ ಚುಕ್ಕಿ ಎನ್ನುತ್ತೇವೆ. ಅದನ್ನು ನೋಡಿಕೊಂಡು ನನ್ನ ಅಜ್ಜಿ ಏಳುತ್ತಿದ್ದಳು. ಅದಕ್ಕೆ ಕೊಂಬು ಮೂಡಿಸಿದವರಿಗೆ ಏನು ಹೇಳುವುದೋ ನನಗೆ ತಿಳಿಯಲಿಲ್ಲ.

ನವಾಬ್ ಸಾಹೇಬರಿಗೆ ಇದೆಲ್ಲ ಕೇಳಿ ಹಬ್ಬವೇ ಆಯಿತು. “ಡೆಸಿಗ್ನೇಷನ್ ಅದು! ಡ್ಯೂಟಿ ಮಾಡಿದವನ ಮೇಲೆ ಹೆಸರು ಹೊರಿಸಿಬಿಟ್ಟಿದ್ದಾರೆ,” ಎಂದು ಮನೆಯೆಲ್ಲ ಓಡಾಡಿದರು. ‘ದೂರು ಹೇಳುವವನು’ ಎಂದೇ ಇರಲಿ ಎಂದು ಬೆಂಗಳೂರಿನವರೂ, ‘ಸೈತಾನ’ ಎಂದೇ ಇರಲಿ ಎಂದು ಚರ್ಚುಗಳವರೂ ಎಳೆದಾಡುತ್ತಿದ್ದರು. ಇವರು ಹುದ್ದೆಯ ಪರವಾಗಿ ರೆಸ್ಟನ್ನಿಗೆ ಒಂದು ದೊಡ್ಡ ಅರ್ಜಿಯನ್ನೇ ಬರೆದರು. ಅದನ್ನು ನನಗೆ ಓದಿ ಹೇಳುವಾಗ ಅವರ ದನಿ ಎರಡು ಕಡೆ ಗದ್ಗದವಾಯಿತು. ಉದಯಗಿರಿಯ ಆ ಎರಡನೆಯ ಹೆಸರು ಇವರ ಕಿವಿಗೂ ಬಿದ್ದಿತ್ತು ಎಂದು ನನಗೆ ಆಗ ಗೊತ್ತಾಯಿತು. ಪಾಪ ಅನ್ನಿಸಿತು. ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ.

ಇಲ್ಮಾ ದೂರು ಕೊಟ್ಟದ್ದು ಈ ಅರ್ಜಿಯ ಸಂಭ್ರಮದ ನಡುವೆಯೇ. ಸಹಜವಾಗಿ ಇವರು ಅವಳ ಪರ. ಕೆಲವು ದಿನಕ್ಕೆ ಸಿದ್ಧುವಿನ ಅಪ್ಪ ಶಿವಶರಣಪ್ಪ ಮನೆಗೆ ಬಂದರು. ಅವರು ಇಂಜಿನಿಯರ್, ಸೇತುವೆ ಕಟ್ಟುವವರು, ಇನ್ನೊಬ್ಬರ ಮುಂದೆ ಕೈಯೊಡ್ಡಿದವರಲ್ಲ. ಸೋಫಾದ ತುದಿಯಲ್ಲಿ ಕೂತು ಹೇಳಿದರು: “ಸಾಹೇಬ್ರ, ನಮ್ ಹುಡುಗಂದು ತಪ್ಪದ. ಇಲ್ಲಂತ ನಾ ಅನ್ನಂಗಿಲ್ಲ. ಆದ್ರ ಹುಡುಗಿ ಒಂದ್ ಮೇಲ್ ಹಾಕಿ, ನಾನೇ ತಪ್ಪ್ ತಿಳ್ಕೊಂಡಿದ್ದೆ ಅಂದ್ರ ಎಲ್ಲಾ ಮುಗೀತದ. ನೀವು ಹೇಳಿದ್ರ ಅಕಿ ಕೇಳ್ತಾಳ.”

“ಶರಣಪ್ಪನವರೇ, ಕೊಟ್ಟ ಹೇಳಿಕೆ ವಾಪಸ್ ತಗೊಂಡ್ರೆ ಅದು ಸುಳ್ಳು ಸಾಕ್ಷಿ ಆಗುತ್ತೆ,” ಎಂದರು ಇವರು. ಕೋರ್ಟಿನ ದನಿ ಅದು. ಶಿವಶರಣಪ್ಪ ಚಹಾ ಮುಟ್ಟದೆ ಎದ್ದು ಹೋದರು. ನನಗೆ ಇವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೇಳಿದ್ದು ಸರಿಯೇ. ಆದರೆ ಆ ಮನುಷ್ಯನ ಮುಖ ನೋಡಿಕೊಂಡು ಹೇಳಬಹುದಿತ್ತು.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ದಿನ. ಇಲ್ಮಾ ರಜೆಗೆ ಸಂಜೆ ಬರುವವಳಿದ್ದಳು. ಬೆಳಿಗ್ಗೆ ಇವರು ಯೋಬನ ಕೊನೆಯ ಅಧ್ಯಾಯವನ್ನು ಹಿಡಿದು ಕೂತರು. ನಡುವೆ ಗೆಳೆಯರು ಬಂದು ಯೋಬನೇ ಏನೋ ಪಾಪ ಮಾಡಿರಬೇಕು ಎಂದು ತಲೆ ತಿಂದದ್ದು, ಯೋಬ ಇಲ್ಲ ಇಲ್ಲ ಎಂದು ಕೂಗಾಡಿದ್ದು, ಎಲ್ಲವೂ ತಿಂಗಳುಗಟ್ಟಲೆ ಆಗಿತ್ತು. ಕೊನೆಗೆ ದೇವರೇ ಬಂದು ಮಾತಾಡುತ್ತಾನೆ. ಗೆಳೆಯರಿಗೆ ಬೈಗುಳ, ಯೋಬನಿಗೆ ಮತ್ತೆ ದನಕರು, ಮಕ್ಕಳು, ಆಯುಷ್ಯ. ಕಥೆ ಮುಗಿಯುತ್ತದೆ.

ಇವರು ಹಾಳೆಗಳನ್ನು ಹಿಂದೆ ಮುಂದೆ ತಿರುವಿ ಹಾಕಿದರು. ಆಮೇಲೆ ಜೂಮ್‌ನಲ್ಲಿ ಮೇಡಂಗೆ ಗಂಭೀರವಾಗಿ ಹೇಳಿದರು: ನೀವು ಕಳಿಸಿದ ಕಡತ ಅಪೂರ್ಣವಾಗಿದೆ, ಹಾಳೆಗಳು ಬಿಟ್ಟುಹೋಗಿವೆ, ತೀರ್ಪಿನ ದಿನ ಪ್ರಾಸಿಕ್ಯೂಟರ್ ಹಾಜರಾದ ಭಾಗ ಇಲ್ಲ.

ಯಾವ ಹಾಳೆಯೂ ಬಿಟ್ಟುಹೋಗಿಲ್ಲ ಎಂದರು ಮೇಡಂ. ಅವನು ಬರುವುದೇ ಇಲ್ಲ. ಎರಡನೆಯ ಅಧ್ಯಾಯದಲ್ಲಿ ಯೋಬನಿಗೆ ಹುಣ್ಣು ಎಬ್ಬಿಸಿ ಹೋದವನು ಆ ಪುಸ್ತಕದಲ್ಲಿ ಮತ್ತೆ ಎಲ್ಲಿಯೂ ಕಾಣಿಸುವುದಿಲ್ಲ.

“ಅವನ ಆಪಾದನೆ ಸುಳ್ಳಾಯಿತಲ್ಲ? ಅದನ್ನು ಕೇಳಿಸಿಕೊಳ್ಳುವುದಕ್ಕೂ ಬರಲಿಲ್ಲವೇ?” ಎಂದು ಇವರು ಮತ್ತೆ ಮತ್ತೆ ಕೇಳಿದರು. ಬರಲಿಲ್ಲ ಎಂದೇ ಮೇಡಂ ಮತ್ತೆ ಮತ್ತೆ ಹೇಳಿದರು. ಬಂದಿದ್ದರೆ ಅವನ ಮುಖ ಹೇಗಿತ್ತು ಎಂದು ಓದುವವರಿಗೆ ತಿಳಿಯುತ್ತಿತ್ತು, ಬಾರದೆ ಹೋದದ್ದರಿಂದಲೇ ಓದಿದವರೆಲ್ಲ ತಮಗೆ ತೋಚಿದ ಮುಖ ಬರೆದರೋ ಏನೋ ಎಂದೂ ಸೇರಿಸಿದರು. ಅದು ಅವರ ಊಹೆ, ಪಾಂಡಿತ್ಯವಲ್ಲ ಎಂದು ನಕ್ಕರು.

ಇವರು ನಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಹಾಗೇ ಕೂತರು. ನಾನಿಟ್ಟ ಚಹಾ ಕೆನೆಗಟ್ಟಿತು.

“ಯಾಕ್ರೀ ಇಷ್ಟು ಆಶ್ಚರ್ಯ?” ಎಂದೆ. “ನೀವು ತೀರ್ಪಿನ ದಿನ ಹೋಗ್ತಿದ್ರಾ?”

ಈ ಮಾತು ನನ್ನ ಬಾಯಿಂದ ಬೇಕೆಂದೇ ಬಂತು. ಶಿವಶರಣಪ್ಪ ಎದ್ದು ಹೋದಾಗಿನಿಂದ ಅದು ಗಂಟಲಲ್ಲಿತ್ತು. ಮೈಸೂರಿನಲ್ಲಿ ದೊಡ್ಡ ಕೇಸುಗಳ ತೀರ್ಪಿದ್ದ ದಿನ ಇವರು ಜೂನಿಯರ್‌ನನ್ನು ಕಳಿಸಿ ತಾವು ಮಧ್ಯಾಹ್ನಕ್ಕೇ ಮನೆಗೆ ಬಂದುಬಿಡುತ್ತಿದ್ದರು. ಬಂದು ಗಿಡಗಳಿಗೆ ನೀರು ಹಾಕುತ್ತಿದ್ದರು, ಮಳೆ ಬಂದು ನಿಂತಿದ್ದರೂ ಹಾಕುತ್ತಿದ್ದರು. ನಾನು ಯಾವತ್ತೂ ಕೇಳಿರಲಿಲ್ಲ.

ಕೆನೆಗಟ್ಟಿದ ಚಹಾವನ್ನು ಪಕ್ಕಕ್ಕೆ ಸರಿಸಿ ಹೇಳಿದರು: “ಅಲ್ಲಿ ತಾಯಂದಿರು ಬಂದಿರ್ತಾರೆ, ಶಮ್ಸು.”

ನಾನು ಚಹಾ ಬಿಸಿಮಾಡಿ ತಂದುಕೊಟ್ಟೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಅರ್ಸಲಾನ್ ಮಾತು ತೆಗೆದ. ಪಕ್ಕದ ಶಾರ್ಲೆಟ್ ನಗರದ ಕನ್ನಡದವರೆಲ್ಲ ಎರಡು ಪಕ್ಷವಾಗಿದ್ದಾರೆ, ನಾಲ್ಕು ಜನರ ನಡುವೆ ತಲೆಯೆತ್ತದ ಹಾಗಾಗಿದೆ ಎಂದ. “ವಿತ್‌ಡ್ರಾ ಮಾಡ್ಬಿಡು ಬೇಟಾ. ಇಟ್ಸ್ ಜಸ್ಟ್ ಎ ಲ್ಯಾಬ್ ರಿಪೋರ್ಟ್.”

“ಐ ಕಾಂಟ್, ಅಬ್ಬಾ. ಅದು ಸುಳ್ಳಾಗ್ತದ,” ಎಂದಳು ಇಲ್ಮಾ. ಹುಡುಗಿ ಇಳಿದುಹೋಗಿದ್ದಳು. “ಬಟ್ ನಾನು ಹಿಯರಿಂಗ್‌ಗೆ ಹೋಗಂಗಿಲ್ಲ. ರಿಟನ್ ಸ್ಟೇಟ್‌ಮೆಂಟ್ ಇದ್ರ ಸಾಕಂತ. ಐ ಡೋಂಟ್ ವಾಂಟ್ ಟು ಸೀ ಹಿಸ್ ಫೇಸ್. ಆಂಟಿ ಫೇಸ್ ಸಹ. ಇನ್ ಮ್ಯಾಲ ಆ ಮನಿ ಕಡೆ ಹೋಗೋದೇ ಇಲ್ಲ.”

ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು. ಬಾಗಿಲನ್ನು ಅವರು ಮುಚ್ಚುವ ಮೊದಲು ತಾನೇ ಮುಚ್ಚಿಬಿಡುವ ಹುಡುಗಿ ಅದು. ತಾತನ ರಕ್ತ.

“ಹೋಗು,” ಎಂದರು ನವಾಬ್ ಸಾಹೇಬರು.

ಎಲ್ಲರೂ ಅವರ ಮುಖ ನೋಡಿದೆವು. ದನಿ ಕೋರ್ಟಿನದಾಗಿರಲಿಲ್ಲ.

“ವಿತ್‌ಡ್ರಾ ಮಾಡ್ಬೇಡ. ಆದ್ರೆ ಹೋಗು. ಬರೆದಿದ್ದನ್ನೇ ಅವನ ಎದುರಿಗೆ ಹೇಳು. ತೀರ್ಪು ಓದೋವರೆಗೂ ಎದ್ದು ಬರ್ಬೇಡ. ಆಮೇಲೆ ಅವರ ಮನೆಗೆ ಹೋಗು.”

“ಆಂಟಿ ಬಾಗ್ಲಾ ತೆಗೀಲಿಲ್ಲಂದ್ರ, ದಾದಾ?”

“ತೆಗೀದೇ ಇದ್ರೆ ವಾಪಸ್ ಬಾ. ಹೋಗದೇ ಇರ್ಬೇಡ.”

“ನೀವ್ ಬರ್ತೀರಾ, ಅವರ ಮನಿಗಿ?”

ಇವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. “ಬರ್ತೀನಿ,” ಎಂದರು.

ಇಲ್ಮಾ ಹಿಯರಿಂಗ್‌ಗೆ ಹೋದಳು. ಮೇಜಿನ ಆ ಕಡೆ ಸಿದ್ಧು ಕೂತಿದ್ದನಂತೆ, ಅವಳ ಕಡೆ ಒಂದು ಸಲವೂ ನೋಡಲಿಲ್ಲವಂತೆ. ಅವಳು ಹೇಳಬೇಕಾದ್ದನ್ನು ಹೇಳಿ ಕೊನೆಯವರೆಗೂ ಕೂತಿದ್ದಳು. ಅವನಿಗೆ ಒಂದು ಸೆಮಿಸ್ಟರ್ ಶಿಕ್ಷೆಯಾಯಿತು. ರಿಪೋರ್ಟ್ ಕೊಟ್ಟ ತಪ್ಪಿಗೆ ಇವಳಿಗೆ ಎಚ್ಚರಿಕೆ ಕೊಟ್ಟರು, ತಿದ್ದುವ ಕೆಲಸವೂ ಹೋಯಿತು. ಫೋನಿನಲ್ಲಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, “ದಾದಿ, ಅವ ಒಬ್ಬನೇ ನಡ್ಕೊಂಡ್ ಹೋದ,” ಎಂದು ಅತ್ತಳು.

ಅದೇ ವಾರ ರೆಸ್ಟನ್ನಿನಿಂದ ಮೇಡಂ ಮೇಲ್ ಮಾಡಿದರು. ಚರ್ಚುಗಳವರ ಮಾತೇ ನಿಂತಿತು, ಅಚ್ಚಾಗುವ ಪುಸ್ತಕದಲ್ಲಿ ‘ಸೈತಾನ’ ಎಂದೇ ಇರುತ್ತದೆ, ನಿಮಗೆ ಬೇಸರವಾಗಬಹುದು, ಕ್ಷಮಿಸಿ ಎಂದಿದ್ದರು. ಇನ್ನೊಂದು ಅರ್ಜಿ ಕೇಳಬೇಕಾಗುತ್ತದೆ ಎಂದು ನಾನು ಸಿದ್ಧಳಾಗಿ ಕೂತೆ. ಇವರು ಮೇಲ್ ಓದಿ, ಹಾಗೇ ಆಗಲಿ ಎಂದು ಎರಡು ಸಾಲಿನ ಉತ್ತರ ಬರೆದರು.

“ಇಷ್ಟು ಬೇಗ ಸೋತ್ರಾ?” ಎಂದೆ.

“ಬಾರದೇ ಇದ್ದವನಿಗೆ ಯಾವ ಹೆಸರಿಟ್ರೇನು? ಅದಲ್ಲ ನನ್ನ ಹೆಸರು ಅಂತ ಹೇಳೋಕೆ ಅವನೇ ಇಲ್ವಲ್ಲ,” ಎಂದರು.

ಇಲ್ಮಾ ಚಳಿಗಾಲದ ರಜೆಗೆ ಬಂದ ಮರುದಿನ ಮಧ್ಯಾಹ್ನ ಮೂವರೂ ಹೊರಟೆವು. ಆ ಬೀದಿಯಲ್ಲಿ ನಾನು ಅಷ್ಟು ನಿಧಾನವಾಗಿ ಯಾವತ್ತೂ ನಡೆದಿರಲಿಲ್ಲ. ಬೆಲ್ ಒತ್ತಿದವಳು ಇಲ್ಮಾ. ಒಳಗೆ ಹೆಜ್ಜೆ ಸದ್ದಾಯಿತು, ನಿಂತಿತು. ಒಳಗಿನವಳು ಬಾಗಿಲಿನ ಕಿಂಡಿಯಿಂದ ನೋಡಿದಳು ಅಂತ ಕಾಣುತ್ತದೆ. ನವಾಬ್ ಸಾಹೇಬರು ಕೋಟಿನ ಗುಂಡಿ ಹಾಕಿದರು, ತೆಗೆದರು, ಮತ್ತೆ ಹಾಕಿದರು.

ಬಾಗಿಲು ತೆರೆಯಿತು. ರೇಣುಕಾದೇವಿ ಎರಡು ತಿಂಗಳಲ್ಲಿ ಸೊರಗಿದ್ದಳು. ನಮ್ಮಿಬ್ಬರನ್ನು ನೋಡಲೇ ಇಲ್ಲ.

“ಯಾಕ ಬಂದಿ?”

“ಕಂಪ್ಲೇಂಟ್ ಮಾಡ್ದಾಕಿ ನಾನು, ಆಂಟಿ,” ಎಂದಳು ಇಲ್ಮಾ. “ಬೈಬೇಕಂದ್ರ ನನಗೇ ಬೈರಿ.”

“ಬೈತೀನಿ. ಬೈಲಿಕ್ಕಿ ನನಗೇನ್ ಹೆದ್ರಿಕಿ ಅದ? ಒಳಗ ಬಾ. ಹೊರಗ ನಿಂತು ಬೈದ್ರ ಓಣಿ ಮಂದಿ ನೋಡ್ತಾರ.”

ಒಳಗೆ ಹೋಗಿ ಕೂತೆವು. ಅವಳು ನಿಂತೇ ಶುರುಮಾಡಿದಳು. ನಾನು ಮೂವತ್ತು ವರ್ಷ ಮಕ್ಕಳಿಗೆ ಬೈದವಳು, ಆದರೂ ಅಂಥದ್ದನ್ನು ಕೇಳಿರಲಿಲ್ಲ. ಇಲ್ಮಾಗೆ ಜ್ವರ ಬಂದಾಗ ತಲೆಯ ಮೇಲೆ ತಣ್ಣೀರು ಬಟ್ಟೆ ಹಾಕಿದ್ದು, ಅವಳಿಗೆ ಸೇರುವುದಿಲ್ಲವೆಂದು ಪಲ್ಯಕ್ಕೆ ಬೆಳ್ಳುಳ್ಳಿ ಬಿಟ್ಟದ್ದು, ಸಿದ್ಧುವಿಗಿಂತ ಮೊದಲು ಅವಳ ತಟ್ಟೆಗೆ ಬಡಿಸಿದ್ದು, ಎಲ್ಲವೂ ಬಂತು. ದೆವ್ವ ಎಂಬ ಮಾತನ್ನು ಎದುರಿಗೇ ಅಂದಳು. ಇಲ್ಮಾ ತಲೆ ತಗ್ಗಿಸಲಿಲ್ಲ, ಎದ್ದೂ ಹೋಗಲಿಲ್ಲ. ಸಿದ್ಧು ಮೆಟ್ಟಿಲಿನ ಮೇಲೆ ಬಂದು ಕೂತಿದ್ದ.

“ಒಂದ್ ಫೋನ್ ಮಾಡ್ಲಿಕ್ಕಿ ಏನಾಗಿತ್ತು ನಿನಗ?” ಎಂದಳು ರೇಣುಕಾದೇವಿ ಕೊನೆಗೆ. ದನಿ ಒಡೆದಿತ್ತು. “ಮೊದಲ ನನಗ ಹೇಳಬೇಕಿಲ್ಲ? ನಾನೇ ಅವನ ಕಿವಿ ಹಿಂಡಿ ಕರ್ಕೊಂಡ್ ಹೋಗಿ ತಪ್ಪ್ ಒಪ್ಪಿಸ್ತಿದ್ನಲ್ಲ.”

“ನಿಮಗ ಹೇಳಿದ್ರ ನನಗ ಕಂಪ್ಲೇಂಟ್ ಮಾಡ್ಲಿಕ್ಕಾಗ್ತಿದ್ದಿಲ್ಲ, ಆಂಟಿ. ಅದಕ್ಕ ಹೇಳಿಲ್ಲ.”

ರೇಣುಕಾದೇವಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಷ್ಟಕ್ಕೆ ಮುಗಿಯಿತು ಎಂದುಕೊಂಡು ನವಾಬ್ ಸಾಹೇಬರು ಏಳಲು ಹೋದರು.

“ಎಲ್ಲಿಗ್ರಿ? ಕುಂದ್ರಿ,” ಎಂದಳು ಅವಳು. “ನಮ್ಮ ಮನಿಯವ್ರು ನಿಮ್ ಮನ್ಯಾಗ ಚಾ ಮುಟ್ಟದೆ ಎದ್ದು ಬಂದಾರ. ನಿಮಗೂ ಹೇಳೋದದ.”

ಇವರು ಕೂತರು. ಇವರಿಗೂ ಸಾಕಷ್ಟು ಸಿಕ್ಕಿತು. ಒಂದು ಮಾತಿಗೂ ಎದುರಾಡದೆ, “ಹೌದಮ್ಮ, ಹೌದು,” ಎಂದು ಕೇಳಿಸಿಕೊಂಡರು. ಇವರನ್ನು ಮದುವೆಯಾದಾಗಿನಿಂದ ನಾನು ಅಂಥ ದೃಶ್ಯ ನೋಡಿರಲಿಲ್ಲ.

ಹೊರಗೆ ಕತ್ತಲಾಗುತ್ತ ಬಂದಿತ್ತು. ರೇಣುಕಾದೇವಿ ಕುರ್ಚಿಯ ಮೇಲೆ ಕುಸಿದು ಕೂತು, ಒಂದು ಲೋಟ ನೀರು ಕುಡಿದು, ಇಲ್ಮಾಳನ್ನು ನೋಡಿದಳು.

“ಇವತ್ತಿಗಿ ಸಾಕು. ನನ್ನ ಗಂಟಲಾ ಹೋಯ್ತು,” ಎಂದಳು. “ನಾಳಿ ಬಾ. ಇನ್ನಾ ಭಾಳ ಬೈಯೋದದ.”

ಇಲ್ಮಾ ಅಂಗೈಯಿಂದ ಕಣ್ಣೊರೆಸಿಕೊಂಡಳು.

“ಎಷ್ಟ್ ಗಂಟೇಕ್ ಬರ್ಲಿ, ಆಂಟಿ?”